ಹೆಣ್ಣು ಮರಕುಟಿಗ

ಅಮ್ಮ,

ಇವತ್ತು ಬೆಳಿಗ್ಗೆ ಸುಬ್ರಹ್ಮಣ್ಯಪುರದ ನಮ್ಮ ಪಾರ್ಕಿನಲ್ಲಿ ಮರಕುಟಿಗ ಕೂಗಿತು. ಕಣ್ಣು ಹೋದ ಮೇಲೂ ನೀನು ಆ ನಗುವಂಥ ಕೂಗನ್ನು ನನಗಿಂತ ಮೊದಲೇ ಗುರುತಿಸಿ, "ಗಂಡೋ ಹೆಣ್ಣೋ ನೋಡೇ ತೇಜು" ಅನ್ನುತ್ತಿದ್ದೆ. ನಾನು ಗಡಿಯಾರ ನೋಡಿ, ಅರ್ಧ ಹೇಳಿ ಆಫೀಸಿನ ಬಸ್ಸಿಗೆ ಓಡುತ್ತಿದ್ದೆ. ನೀನು ಹೋಗಿ ವರ್ಷವಾದರೂ ಇವತ್ತು ನನ್ನ ಬಾಯಿ ತಾನಾಗಿಯೇ ತೆರೆಯಿತು.

"ಹೆಣ್ಣಮ್ಮ. ಜುಟ್ಟು ಕೆಂಪಗಿದೆ, ಹಣೆ ಮಾತ್ರ ಕಪ್ಪು, ಬಿಳಿ ಚುಕ್ಕಿ ಇದೆ. ಬೆನ್ನು ಚಿನ್ನದ ಬಣ್ಣ."

ಬೆಂಚಿನ ಮೇಲಿದ್ದ ವಯಸ್ಸಾದ ಹೆಂಗಸೊಬ್ಬರು, "ಯಾರ್ ಜೊತೆ ಮಾತಾಡ್ತಿದ್ದೀಯಮ್ಮ?" ಎಂದು ಕೇಳಿದರು. ನಾಚಿಕೆಯಾಗಿ ಹಕ್ಕಿಯತ್ತ ಕೈ ತೋರಿದೆ.

"ಅಷ್ಟು ದೂರ ನಂಗೆ ಕಾಣಲ್ಲ. ಈಗೇನ್ ಮಾಡ್ತಿದೆ, ಹೇಳು" ಎಂದರು.

ಅವರ ಪಕ್ಕ ಕುಳಿತೆ. ಅದು ಬಾಲವನ್ನು ಕಾಂಡಕ್ಕೆ ಊರಿಕೊಂಡು ಕುಪ್ಪಳಿಸುತ್ತಾ ಹತ್ತುವುದನ್ನು, ತೊಗಟೆ ಕುಟ್ಟಿ ಇರುವೆ ಹೆಕ್ಕುವುದನ್ನು, ಯಾರಾದರೂ ಹತ್ತಿರ ಬಂದರೆ ಮರದ ಹಿಂದಕ್ಕೆ ಸರಿದು ಇಣುಕುವುದನ್ನು ಒಂದೊಂದಾಗಿ ಹೇಳಿದೆ. "ಆಮೇಲೆ?" ಎಂದು ಅವರು ಕೇಳುತ್ತಲೇ ಇದ್ದರು. ಗೇಟಿನಾಚೆ ನನ್ನ ಆಫೀಸಿನ ಬಸ್ಸು ಬಂದು ಹೊರಟುಹೋಯಿತು.

ಈ ಸಲ ನಾನು ಗಡಿಯಾರ ನೋಡಲಿಲ್ಲ, ಅಮ್ಮ. ಹಕ್ಕಿ ಹಾರಿಹೋಗುವವರೆಗೂ ಹೇಳಿದೆ.