ಮಾದರಿಗೆ ಒಂದು ಹಿಡಿ

ಅಣ್ಣಾ, ಕಾರ್ಡು ಚಿಕ್ಕದು, ನೇರ ವಿಷಯಕ್ಕೆ ಬರುತ್ತೇನೆ. ಮೆಕ್ಕೆಜೋಳ ಹೊಲದಿಂದ ಹಿಟ್ಟಾಗುವವರೆಗೆ ಯಾರ ಯಾರ ಕೈ ದಾಟುತ್ತದೆಂದು ನಕ್ಷೆ ಬರೆಯುವುದು ಇಲ್ಲಿ ನನ್ನ ಕೆಲಸ. ಅದಕ್ಕೇ ಒಂದು ಮೂಟೆಯ ಬೆನ್ನು ಹತ್ತಿದ್ದೆ. ಕೊಳ್ಳಲು ಬಂದವರೆಲ್ಲ ಮಾದರಿಗೆಂದು ಒಂದು ಹಿಡಿ ಕಾಳು ತೆಗೆಯುತ್ತಾರೆ, ಒಬ್ಬರೂ ವಾಪಸು ಹಾಕುವುದಿಲ್ಲ. ಗಿರಣಿ ತಲುಪುವಷ್ಟರಲ್ಲಿ ಮೂಟೆಯ ಹೊಟ್ಟೆ ಇಳಿದಿತ್ತು. ಕೇಳಿದರೆ ಇಲ್ಲಿನ ದಲ್ಲಾಳಿಯೊಬ್ಬ, “ಒಂದು ಹಿಡಿಗೂ ಲೆಕ್ಕ ಕೇಳ್ತೀರಲ್ಲಮ್ಮ, ನಮ್ಮ ಕೋಳಿಗಳು ಏನು ತಿನ್ಬೇಕು?” ಎಂದು ನಕ್ಕ. ಇಷ್ಟು ಸಣ್ಣದು ನಕ್ಷೆಗೆ ಬೇಡವೆಂದು ನಮ್ಮ ಸಾಹೇಬರು. ನಾನು ಬಿಡುವವಳಲ್ಲ, ಬರೆದೇ ಬರೆಯುತ್ತೇನೆ. ಧೂಳಿಗೆ ಕೆಮ್ಮು ಹತ್ತಿತ್ತು, ಈಗ ವಾಸಿ, ಅಮ್ಮನಿಗೆ ಹೇಳಬೇಡ.

ಅಂದಹಾಗೆ, ನಿನ್ನ ದಲ್ಲಾಳಿ ಮಂಡಿಯ ಹಿತ್ತಲಲ್ಲೂ ಕೋಳಿಗಳಿವೆ. ಅವಕ್ಕೆಂದು ನೀನು ಕಾಳು ಕೊಂಡದ್ದನ್ನು ನಾನಂತೂ ಕಂಡಿಲ್ಲ.

ಜಾಗ ಮುಗಿಯಿತು.
ನಿನ್ನ ತಂಗಿ