ಕಂಬಿಗೆ ಕಟ್ಟಿದ ಕರ್ಚೀಫು

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲಿಂದ
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ರೀ,

ಪ್ರತಿ ಸಲ ಹೀಗೆ ಶುರು ಮಾಡುವಾಗ ನನಗೇ ನಗು ಬರುತ್ತದೆ. ಇಷ್ಟು ವರ್ಷ ಹೆಸರು ಹಿಡಿದು ಕರೆಯದವಳು ಈಗ ಕಾಗದದ ಮೇಲೆ ಕರೆದರೆ ಬೇರೆ ಯಾರನ್ನೋ ಕರೆದ ಹಾಗಿರುತ್ತದೆ, ಅದಕ್ಕೇ ಇದೇ ಇರಲಿ. ಹೇಗಿದ್ದೀರಿ? ಉಸಿರು ಹೇಗಿದೆ? ರಾತ್ರಿ ನಿದ್ದೆ ಹತ್ತುತ್ತದೆಯೋ, ಇಲ್ಲ ದಿಂಬಿಗೆ ಒರಗಿ ಕೂತೇ ಬೆಳಗು ಮಾಡುತ್ತೀರೋ? ಮೂಗಿನ ಆಕ್ಸಿಜನ್ ನಳಿಕೆಯನ್ನು ಆಗಾಗ ಕಿತ್ತು ಪಕ್ಕಕ್ಕಿಡುತ್ತೀರಂತೆ. ಕಿವಿ ತುರಿಸುತ್ತದೆ ಎಂಬ ನೆವ ಬೇರೆ. ಹಟ ಮಾಡಬೇಡಿ. ಫೋನ್ ಮಾಡಬಾರದೇ ಅಮ್ಮ ಎಂದು ಮಗಳು ನನಗೆ ಬೈಯುತ್ತಾಳೆ. ಫೋನಿನಲ್ಲಿ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನೀವು ಉಸಿರೆಳೆಯುವ ಸದ್ದು ಕೇಳಿದರೆ ನನಗೆ ಹೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ. ಕಾಗದದಲ್ಲಾದರೆ ನಾನೊಬ್ಬಳೇ ಮಾತಾಡಬಹುದು, ನೀವು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಮದುವೆಯಾದಾಗಿನಿಂದ ಸಿಗದ ಸುಖ ಇದು.

ಇಲ್ಲಿ ನಾನು ಇದ್ದೇನೆ. ಲಾಂಡ್ರಿಯಲ್ಲಿ ಕೆಲಸ ಕಡಿಮೆಯೇನೂ ಆಗಿಲ್ಲ. ಹೋಟೆಲಿನ ಹಾಸಿಗೆ ಬಟ್ಟೆಗಳು ಮೂಟೆ ಮೂಟೆ ಬರುತ್ತವೆ, ಇಡೀ ದಿನ ಇಸ್ತ್ರಿಯ ಹಬೆಯಲ್ಲಿ ನಿಂತರೆ ಸಂಜೆ ಹೊತ್ತಿಗೆ ಮಂಡಿ ನನ್ನ ಮಾತು ಕೇಳುವುದಿಲ್ಲ. ನಮ್ಮ ಯಜಮಾನಿ ನನಗೊಂದು ಸ್ಟೂಲು ಹಾಕಿಸಿದ್ದಾಳೆ. ಕೂತು ಇಸ್ತ್ರಿ ಮಾಡಲು ಬರುವುದಿಲ್ಲ ಎಂದು ಅವಳಿಗೆ ಹೇಳಲು ಮನಸ್ಸಾಗಲಿಲ್ಲ. ನಿಮ್ಮ ಗ್ಯಾರೇಜಿನವರು ನಿಮ್ಮ ಪೇಂಟು ಮೆತ್ತಿದ ಅಂಗಿ, ಸ್ಪ್ರೇ ಗನ್ನು, ಆ ಮೂಗು ಮುಚ್ಚುವ ಮಾಸ್ಕು ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿ ತಂದುಕೊಟ್ಟರು. ಅಂಗಿಯಲ್ಲಿ ಇಲ್ಲದ ಬಣ್ಣವಿಲ್ಲ, ಮಾಸ್ಕು ಮಾತ್ರ ಅಂಗಡಿಯಿಂದ ತಂದ ಹಾಗೇ ಇದೆ. ಒಂದು ದಿನವಾದರೂ ಹಾಕಿಕೊಂಡಿದ್ದಿರಾ? ನೀವು ಎದುರಿಗಿದ್ದಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ. ಇರಲಿ, ಕಾಯಿಲೆಯವರಿಗೆ ಬೈಯಬಾರದು ಅಂತ ಮಗಳು ಹೇಳಿದ್ದಾಳೆ.

ಈಗ ರೇಸಿನ ಸುದ್ದಿ. ಕುದುರೆಯೆಂದರೆ ನನಗೆ ಸವತಿ ಇದ್ದ ಹಾಗೆ ಎಂದು ಊರಿಗೆಲ್ಲ ಗೊತ್ತು. ಶನಿವಾರ ಬಂತೆಂದರೆ ಬಿಳಿ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು, ಮದುವೆ ಗಂಡಿನ ಹಾಗೆ ಹೊರಡುತ್ತಿದ್ದಿರಿ. ಅಂಥ ನನ್ನನ್ನು ಹಿಡಿದು, ಮಗಳ ಮನೆಯಿಂದ ವಾಪಸ್ ಕಳಿಸುವಾಗ ನೀವು ಹೇಳಿದ್ದೇನು? ‘ನೀನಿಲ್ಲಿ ಕೂತು ನನ್ನ ಮುಖ ನೋಡಿ ಏನು ಮಾಡ್ತೀಯ? ಶನಿವಾರ ಶನಿವಾರ ಮೈದಾನಕ್ಕೆ ಹೋಗು. ನನ್ನ ಗೆಳೆಯರು ಏನೇನು ಮಾತಾಡ್ತಾರೆ ಅಂತ ಬರಿ. ನನಗೆ ಅದೇ ಔಷಧಿ.’ ಔಷಧಿ ಅಂದಿರಲ್ಲ, ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಮೊದಲ ವಾರ ನಾನು ಮಾಡಿದ ಯಡವಟ್ಟು ನೆನಪಿದೆಯಲ್ಲ? ಗೆಲುವಿನ ಕಂಬದ ಹತ್ತಿರ, ಕಂಬಿಗೆ ನೀಲಿ ಚೌಕಳಿಯ ಕರ್ಚೀಫು ಕಟ್ಟಿತ್ತು. ಅಯ್ಯೋ ನಮ್ಮ ಮನೆಯವರದ್ದಲ್ಲವೇ, ಯಾರೋ ಮರೆತು ಬಿಟ್ಟಿದ್ದಾರೆ ಎಂದು ಬಿಚ್ಚಲು ಹೋಗಿ ಅಲ್ಲೇ ನಿಂತುಬಿಟ್ಟೆ. ನಿಮ್ಮ ಗೆಳೆಯ, ಆ ದರ್ಜಿ, ಓಡಿಬಂದು, ಬೆಂಕಿ ಮೇಲೆ ನಿಂತವಳನ್ನು ಎಳೆದ ಹಾಗೆ ಎಳೆದ. ಬಾರದವನ ಜಾಗಕ್ಕೆ ಅವನ ಕರ್ಚೀಫು ಕಟ್ಟುತ್ತಾರೆ, ಅವನು ಬದುಕಿರುವ ತನಕ ಅಲ್ಲಿ ಯಾರೂ ನಿಲ್ಲುವ ಹಾಗಿಲ್ಲ, ಅವನು ಸತ್ತ ಸುದ್ದಿ ಬಂದ ಮೇಲೇ ಅದನ್ನು ಬಿಚ್ಚುವುದು ಎಂದು ಆಗಲೇ ನನಗೆ ಗೊತ್ತಾದದ್ದು. ಎಂಥ ಹುಚ್ಚರ ಸಂತೆಯಪ್ಪಾ ಇದು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಆಮೇಲೆ ಪ್ರತಿ ವಾರ ಗೇಟು ದಾಟಿದ ಕೂಡಲೇ ನನ್ನ ಕಣ್ಣು ಮೊದಲು ಹುಡುಕುತ್ತಿದ್ದದ್ದು ಆ ಕರ್ಚೀಫನ್ನೇ. ಇದೆ ಎಂದು ಕಂಡರೆ ಒಂದು ಸಮಾಧಾನ.

ನಿಮ್ಮ ಗೆಳೆಯರ ಮಾತಂತೂ ನನಗೆ ಈಗ ಬಾಯಿಪಾಠ. ಸಲೂನಿನವರಿಗೆ ಕುದುರೆಯ ಓಟ ಬೇಡ, ಕೂದಲು ಬೇಕು. ಬಾಲದಲ್ಲಿ ಹೊಳಪಿದ್ದರೆ ಗೆದ್ದಿತು ಅನ್ನುತ್ತಾರೆ, ಕೇಸರ ಒರಟಾಗಿದ್ದರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಾರೆ. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿಕೊಂಡು ತೂಕ, ದೂರ, ಗೇಟಿನ ನಂಬರು ಎಲ್ಲ ಕೂಡಿ ಕಳೆದು, ಕೊನೆಗೆ ಸೋಲುವ ಕುದುರೆಯನ್ನೇ ಸರಿಯಾಗಿ ಹಿಡಿಯುತ್ತಾರೆ. ದರ್ಜಿಗೆ ನೀವಿಟ್ಟ ‘ಫೋಟೋ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕುದುರೆ ಮಾರುದೂರ ಮುಂದೆ ಗೆದ್ದಿದ್ದರೂ ಗೆಲುವಿನ ಕಂಬದಲ್ಲಿ ತೆಗೆದ ಫೋಟೋ ನೋಡಬೇಕಿತ್ತು, ಮೋಸವಾಯಿತು ಎಂದು ಕೂಗುವುದು ತಪ್ಪಿಸುವುದಿಲ್ಲ. ಇವರ ಹಿಂದೆ ಆ ‘ಹೊಸಬರು’ ಒಬ್ಬರು. ಬಂದು ಎಷ್ಟೋ ವರ್ಷವಾಯಿತು, ತಲೆ ಅರ್ಧ ಬೆಳ್ಳಗಾಯಿತು, ಆದರೂ ಕಂಬಿಯ ಬಳಿ ಜಾಗ ಖಾಲಿಯಾಗಿಲ್ಲವೆಂದು ಹಿಂದೆಯೇ ನಿಂತು, ಇವರ ಭುಜಗಳ ಸಂದಿನಿಂದ ರೇಸು ನೋಡುತ್ತಾರೆ. ಪಾಪ, ಒಳ್ಳೆಯವರು. ಟೀ ತರುವುದು ಅವರೇ. ಇವರೆಲ್ಲ ಸೇರಿದರೆಂದರೆ ಆ ಮಳೆಯ ದಿನದ ರೇಸು ಎದ್ದೇ ಏಳುತ್ತದೆ. ನಿಮ್ಮ ಮೆಚ್ಚಿನ ಹೆಣ್ಣುಕುದುರೆ, ನೀವು ‘ಸೋಮಾರಿ’ ಎಂದು ಕರೆಯುವವಳು, ಎಲ್ಲರಿಗಿಂತ ಹಿಂದೆ ಇದ್ದವಳು, ಕೆಸರಿನಲ್ಲಿ ಹೊರಬದಿಯಿಂದ ಬಂದು ಗೆದ್ದಳಲ್ಲ, ಅದು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಸಲೂನಿನವರ ಕಥೆಯಲ್ಲಿ ನೀವು ಅವರನ್ನು ಎತ್ತಿಕೊಂಡು ಕುಣಿದಿರಿ, ಮೇಷ್ಟ್ರ ಕಥೆಯಲ್ಲಿ ಮೇಷ್ಟ್ರನ್ನು. ಯಾರು ಹೇಳಿದರೂ ಕುಣಿಯುವವರು ನೀವೇ. ಆ ದಿನ ಮನೆಗೆ ಬಂದ ನೀವು ಒದ್ದೆ ಬಟ್ಟೆಯಲ್ಲಿ ಬಾಗಿಲಲ್ಲಿ ನಿಂತಿದ್ದಿರಿ, ನಾನು ನೆಲ ಕೆಸರಾಯಿತೆಂದು ರೇಗಿದ್ದೆ. ಏನಾಯಿತು ಅಂತ ಕೇಳಿರಲಿಲ್ಲ.

ನಿನ್ನೆಯ ಮಾತಿಗೆ ಬರುತ್ತೇನೆ, ಅದಕ್ಕೇ ಇಷ್ಟು ಸುತ್ತಿದ್ದು. ಗೇಟು ದಾಟಿ ನೋಡಿದರೆ ಕಂಬಿಯ ಮೇಲೆ ಕರ್ಚೀಫು ಇಲ್ಲ. ನಿಮ್ಮ ಜಾಗದಲ್ಲಿ ಹೊಸಬರು ನಿಂತಿದ್ದಾರೆ. ಬೆಳಿಗ್ಗೆಯಷ್ಟೇ ಮಗಳು ನೀವು ಬ್ರೆಡ್ಡು ತಿಂದಿರಿ ಎಂದು ಹೇಳಿದ್ದಳು, ಅಷ್ಟರಲ್ಲಿ ಏನಾಯಿತು, ನನಗಿಂತ ಮೊದಲು ಇವರಿಗೆ ಹೇಗೆ ಗೊತ್ತಾಯಿತು ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಲೂನಿನವರು ಓಡಿಬಂದರು. ‘ಅಯ್ಯೋ ಅತ್ತಿಗೆ, ಹಾಗೇನಿಲ್ಲ, ಹಾಗೇನಿಲ್ಲ, ಅವನು ಚೆನ್ನಾಗಿದ್ದಾನೆ’ ಎಂದು ಕೈ ಹಿಡಿದು ಎಬ್ಬಿಸಿದರು. ಆಮೇಲೆ ತಲೆ ಕೆಳಗೆ ಹಾಕಿ ಹೇಳಿದರು. ಬುಧವಾರ ನೀವು ಫೋನ್ ಮಾಡಿದ್ದಿರಂತೆ. ‘ನನ್ನ ಜಾಗ ಹೊಸಬನಿಗೆ ಕೊಟ್ಟುಬಿಡಿ, ಪಾಪ ಎಷ್ಟು ದಿನ ಹಿಂದೆ ನಿಲ್ತಾನೆ’ ಅಂದಿರಂತೆ.

ಏನ್ರೀ ಇದು? ನಿಮಗೆ ಅಷ್ಟು ಧಾರಾಳ ಯಾವಾಗ ಬಂತು? ಬಸ್ಸಿನಲ್ಲಿ ಕಿಟಕಿ ಸೀಟು ನನಗೆ ಬಿಟ್ಟುಕೊಡದ ಮನುಷ್ಯ ನೀವು! ನನಗೆ ತಲೆ ಕೆಟ್ಟುಹೋಯಿತು. ಅಷ್ಟು ಜನರ ನಡುವೆ ಬಾಯಿಗೆ ಬಂದ ಹಾಗೆ ಬೈದೆ. ಬದುಕಿರೋ ಮನುಷ್ಯನ ಕರ್ಚೀಫು ಬಿಚ್ಚೋಕೆ ನಿಮಗೆ ಕೈ ಹೇಗೆ ಬಂತು ಅಂದೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಸತ್ತ ಮೇಲೆ ಬಿಚ್ಚಬೇಕು ಎಂಬುದು ಪದ್ಧತಿ, ಆದರೆ ತಾನೇ ಬಿಟ್ಟುಕೊಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಿಲ್ಲ ಎಂದು ಪಾಠ ಶುರು ಮಾಡಿದರು. ಅವರಿಗೂ ಎರಡು ಬಿತ್ತು. ಹೊಸಬರಂತೂ ಕಂಬಿಯಿಂದ ಕೈ ತೆಗೆದು, ಯಾರೂ ಹೇಳದೆಯೇ ತಮ್ಮ ಹಳೇ ಜಾಗಕ್ಕೆ ಹಿಂದೆ ಸರಿದರು. ‘ನಾನು ಬೇಡ ಅಂದೆ ಅಮ್ಮಾ, ಇವರು ಕೇಳಲಿಲ್ಲ’ ಎಂದರು. ಸಲೂನಿನವರು ಜೇಬಿನಿಂದ ಕರ್ಚೀಫು ತೆಗೆದು ನನ್ನ ಕೈಗಿಟ್ಟರು. ಒಗೆದು, ಮಡಿಸಿ, ಇಸ್ತ್ರಿ ಮಾಡಿದ್ದರು, ಮೂಲೆಯಲ್ಲಿ ಸ್ವಲ್ಪ ಸುಟ್ಟಿತ್ತು. ಹಿಂದೆ ಇವರ ಗುಂಪಿನಲ್ಲೇ ಇದ್ದ ಗಡಿಯಾರ ರಿಪೇರಿಯವರು ತೀರಿಕೊಂಡಾಗ ಅವರ ಕರ್ಚೀಫನ್ನು ಅವರ ಹೆಂಡತಿಗೆ ಕೊಟ್ಟದ್ದೂ ಹೀಗೇ ಅಂತೆ. ಅದನ್ನು ಕೇಳಿದ ಮೇಲೆ ಬೈಯುವುದು ಬಿಟ್ಟು ಕರ್ಚೀಫನ್ನು ಚೀಲಕ್ಕೆ ಹಾಕಿಕೊಂಡೆ.

ಇಷ್ಟಾದ ಮೇಲೆ ಸೋಮಾರಿಯ ರೇಸು. ಅವಳು ಓಟಕ್ಕೆ ಮೊದಲು ಅಂಗಳದಲ್ಲಿ ಸುತ್ತು ಹೊಡೆಯುವಾಗಲೇ ಕಿವಿ ಜೋಲುಬಿಟ್ಟಿದ್ದಳು, ಅದು ಅವಳ ಚಾಳಿ ಎಂದು ನೀವು ಹೇಳಿದ್ದು ನೆನಪಿತ್ತು. ತಿರುವು ಬರುವ ತನಕ ಅವಳನ್ನು ನೋಡಬೇಡ ಎಂದಿದ್ದಿರಿ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಆಚೆ ಬದಿಯಲ್ಲಿ ಹಸಿರು ಅಂಗಿಯ ಜಾಕಿ ಒಂದೊಂದೇ ಕುದುರೆಯನ್ನು ದಾಟುತ್ತಿದ್ದಾನೆಂದು ಫೋಟೋ ಕೂಗಿದ. ಬಂದಳು, ಬಂದಳು ಎಂದು ಎಲ್ಲರೂ ಕಂಬಿ ಬಡಿದರು. ನಾನೂ ಕೂಗಿದೆ ಕಣ್ರೀ. ಓಡೇ, ಓಡೇ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ, ಈಗಲೂ ದನಿ ಹೊರಡುತ್ತಿಲ್ಲ. ನೇರ ದಾರಿಗೆ ಬಂದಾಗ ನೋಡಿದರೆ ಅದು ಬೇರೆ ಹಸಿರು! ಸೋಮಾರಿಯ ಜಾಕಿಯದು ಗಿಳಿ ಹಸಿರು, ಇದು ಬಾಟಲಿ ಹಸಿರು. ಅಷ್ಟು ಜನ ಸೇರಿ ಇಡೀ ರೇಸು ಯಾರದೋ ಕುದುರೆಗೆ ಜೀವ ಕೊಟ್ಟು ಕೂಗಿದ್ದೆವು. ಸೋಮಾರಿ ಏಳನೆಯವಳಾಗಿ, ಯಾರಿಗೂ ಏನೂ ಬಾಕಿಯಿಲ್ಲದವಳ ಹಾಗೆ ಬಂದಳು. ಈ ಸಲ ಅವಳು ಏಳಲೇ ಇಲ್ಲ. ವಯಸ್ಸಾಯಿತು, ಈ ಸೀಸನ್ ಮುಗಿದರೆ ಅವಳ ಓಟವೂ ಮುಗಿಯಿತು ಎನ್ನುತ್ತಾರೆ ಮೇಷ್ಟ್ರು. ನಿಮಗೆ ಸುಳ್ಳು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಹೊಸಬರು ತಂದ ಟೀ ಆರಿಹೋಯಿತು. ‘ಪೇಂಟರ್ ಇದ್ದಿದ್ರೆ ನಾವು ಹೀಗೆ ಬೆಪ್ಪಾಗ್ತಿರ್ಲಿಲ್ಲ’ ಎಂದರು ಮೇಷ್ಟ್ರು. ಅಷ್ಟು ದೂರದಿಂದ ಗಿಳಿ ಯಾವುದು ಬಾಟಲಿ ಯಾವುದು ಎಂದು ಹೇಳುವ ಕಣ್ಣು ನಿಮ್ಮೊಬ್ಬರದೇ ಅಂತೆ. ಈಗ ಹೇಳಿ, ಜಾಗವನ್ನೇನೋ ಹೊಸಬರಿಗೆ ಕೊಟ್ಟಿರಿ, ಕಣ್ಣನ್ನು ಯಾರಿಗೆ ಕೊಡುತ್ತೀರಿ? ಸಲೂನಿನವರು ನನ್ನನ್ನು ಬಸ್ ಸ್ಟಾಪಿನ ತನಕ ಬಂದು ಬಿಟ್ಟರು. ‘ಫೋನಲ್ಲಿ ಅವನು ಅಷ್ಟು ಕಷ್ಟಪಟ್ಟು ಒಂದೊಂದೇ ಮಾತು ಹೇಳ್ತಿದ್ದ ಅತ್ತಿಗೆ, ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ’ ಎಂದು ಕಣ್ಣೊರೆಸಿಕೊಂಡರು. ಅವರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ನಿಮ್ಮ ಮೇಲಿನದು ಇಳಿದಿಲ್ಲ. ಸೀಸನ್ ಮುಗಿಯುವುದರೊಳಗೆ ಎದ್ದು ಓಡಾಡುತ್ತೇನೆ ಎಂದು ನನಗೆ ಹೇಳಿ, ಹಿಂದಿನಿಂದ ಜಾಗ ಖಾಲಿ ಮಾಡಿಸುತ್ತೀರಲ್ಲ, ಯಾವುದನ್ನು ನಂಬಲಿ? ನೆಟ್ಟಗೆ ಉತ್ತರ ಬರೆಯಿರಿ. ಕರ್ಚೀಫು ನನ್ನ ಚೀಲದಲ್ಲಿದೆ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಮೇಷ್ಟ್ರು, ಸಲೂನಿನವರು, ಫೋಟೋ ಎಲ್ಲರೂ ನಿಮ್ಮನ್ನು ಕೇಳಿದ್ದಾರೆ. ಹೊಸಬರು ಕ್ಷಮೆ ಕೇಳಿದ್ದಾರೆ, ಅವರ ತಪ್ಪೇನೂ ಇಲ್ಲ. ನಳಿಕೆ ಕೀಳಬೇಡಿ. ಬಿಸಿನೀರು ಕುಡಿಯಿರಿ.

ನಿಮ್ಮ,
ರೇಸು ಅಂದರೆ ಆಗದವಳು

ತಾಜಾ ಕಲಂ: ಸೋಮವಾರ. ಇದನ್ನು ಲಾಂಡ್ರಿಯ ಕೌಂಟರಿನ ಮೇಲೆ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಸಹಿಸಿಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಮಗಳ ಫೋನ್ ಬಂತು. ಡಾಕ್ಟರು ಹೇಳಿದ್ದನ್ನು ಹೇಳಿದಳು, ಅದು ನಿಮಗೆ ತಿಂಗಳ ಹಿಂದೆಯೇ ಗೊತ್ತಿತ್ತು ಎಂಬುದನ್ನೂ ಹೇಳಿದಳು. ನನ್ನನ್ನು ಇಲ್ಲಿಗೆ ಕಳಿಸಿದ್ದು ರೇಸಿನ ಸುದ್ದಿಗಲ್ಲ, ನೀವು ದಿನದಿನಕ್ಕೆ ಸೊರಗುವುದನ್ನು ನಾನು ನೋಡಬಾರದು ಅಂತ. ಬೈಯುವುದಿಲ್ಲ. ಯಜಮಾನಿಗೆ ಹೇಳಿಯಾಯಿತು, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ, ಈ ಕಾಗದಕ್ಕಿಂತ ಮೊದಲು ನಾನೇ ತಲುಪಬಹುದು. ಬೇಡ ಅನ್ನಬೇಡಿ, ಮತ್ತೆ ವಾಪಸ್ ಕಳಿಸಿದರೆ ಹೋಗುವವಳಲ್ಲ. ಇನ್ನೊಂದು. ಇಲ್ಲಿಗೆ ಬರುವ ಮೊದಲು ಮೈದಾನಕ್ಕೆ ಹೋಗಿದ್ದೆ. ಕುದುರೆಗಳಿಗೆ ಬೆಳಗಿನ ಓಟ ಮಾಡಿಸುತ್ತಿದ್ದರು, ವಾಚ್‌ಮನ್ ಬಿಟ್ಟ. ನಿಮ್ಮ ಕರ್ಚೀಫನ್ನು ಅದೇ ಜಾಗಕ್ಕೆ ಕಟ್ಟಿ ಬಂದಿದ್ದೇನೆ. ಲಾಂಡ್ರಿಯಲ್ಲಿ ಮೂಟೆಗೆ ಹಾಕುವ ಗಂಟು ಹಾಕಿದ್ದೇನೆ, ನಿಮ್ಮ ಗೆಳೆಯರ ಕೈಲಿ ಅದು ಬಿಚ್ಚುವುದಿಲ್ಲ. ಬಿಚ್ಚುವ ದಿನ ಬಂದರೆ ನಾನೇ ಹೋಗಿ ಬಿಚ್ಚುತ್ತೇನೆ. ಅಲ್ಲಿಯ ತನಕ ಆ ಜಾಗ ನಿಮ್ಮದು, ಕೊಡುವ ಅಧಿಕಾರ ನಿಮಗೂ ಇಲ್ಲ.