ಅವ್ವನನ್ನು ಎತ್ತುವಷ್ಟು ಮೈ

ಅಣ್ಣಾ,

ನೀನು ಹೋದ ಮರುವಾರ ಅವ್ವನನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸಲು ಹೋಗಿ ನಾವಿಬ್ಬರೂ ನೆಲಕ್ಕೆ ಬಿದ್ದೆವು. ಅವಳಿಗೆ ಪೆಟ್ಟಾಗಲಿಲ್ಲ, ನಾನು ಕೆಳಗಿದ್ದೆ. ಲಕ್ವಾ ಹೊಡೆದು ಅವಳ ಬಲಗೈ, ಬಲಗಾಲು ನಿಂತುಹೋದ ದಿನದಿಂದ ನೀನೊಬ್ಬನೇ ಅವಳನ್ನು ಎತ್ತಿ ಬಚ್ಚಲಿಗೆ, ಬಚ್ಚಲಿಂದ ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದೆ. ನೀನು ಏದುಸಿರು ಬಿಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. ಅಂಥವನ ಎದೆ ಬೇಳೆ ಗಿರಣಿಯಲ್ಲಿ ಹಾಡಹಗಲೇ ನಿಂತುಹೋಗುತ್ತದೆಂದು ಯಾರಿಗೆ ಗೊತ್ತಿತ್ತು? ನಿನ್ನ ಕೈಹಿಡಿದ ವೈನಿ ಓಡಿ ಬಂದು ಇಬ್ಬರನ್ನೂ ಎಬ್ಬಿಸಿದರು. ಅವ್ವ ತೊದಲುತ್ತ, "ಬಿಡಪ್ಪಾ, ನಾ ಇಲ್ಲೇ ಮಲಗಿರ್ತೇನಿ. ನಿನ್ನ ಎಲುಬು ಮುರದೀತು" ಅಂದಳು. ಆಮೇಲೆ ಕುರ್ಚಿ ಬೇಕೆಂದು ಕೇಳುವುದನ್ನೇ ಬಿಟ್ಟಳು.

ನಿಂಬರ್ಗಾದ ಅತ್ತೆಯ ಮನೆಯ ಮದುವೆಯಲ್ಲಿ ನಾನು ಹೋಳಿಗೆ ತಿನ್ನುವುದನ್ನು ನೋಡಿ ಬಡಿಸುವವರು ಸುಸ್ತಾಗಿದ್ದು ನೆನಪಿದೆಯಾ? "ನಮ್ಮ ಮಲ್ಯಾ ತಿಂದದ್ದು ಎಲ್ಲಿ ಹೋಗ್ತದ ಅಂತ ದೇವರಿಗೂ ಗೊತ್ತಿಲ್ಲ" ಎಂದು ನೀನು ಪಂಕ್ತಿಯವರನ್ನೆಲ್ಲ ನಗಿಸಿದ್ದೆ. ಒಂದೇ ಒಲೆಯ ರೊಟ್ಟಿ ತಿಂದು ಬೆಳೆದವರು ನಾವು. ನಿನಗೆ ಭುಜ ಬಂದವು, ನನಗೆ ಬರೀ ಮೊಣಕೈ. ಜಂತುಹುಳದ ಗುಳಿಗೆ, ರಕ್ತಪರೀಕ್ಷೆ, ಜಿಡಗಾದ ಮಠಕ್ಕೆ ಹರಕೆ, ಎಲ್ಲ ಆಯಿತು. ರೋಗವೇನೂ ಇಲ್ಲ, ತಿಂದದ್ದು ಬೇಗ ಕರಗಿಹೋಗುವ ಮೈ ಅಷ್ಟೇ ಎಂದು ಡಾಕ್ಟರು ಹೇಳಿದಾಗ ನಾವೆಲ್ಲ ನಕ್ಕಿದ್ದೆವು. ನೀನಿರುವ ತನಕ ಅದು ನಗುವ ವಿಷಯವೇ ಆಗಿತ್ತು.

ಬಿದ್ದ ಮರುದಿನ ಆಳಂದ ಬಸ್ ಸ್ಟ್ಯಾಂಡಿನ ಹಿಂದಿನ ಜಿಮ್ಮಿಗೆ ಹೋದೆ. ಅಲ್ಲಿ ಕಲಿಸುವವರನ್ನು ಎಲ್ಲರೂ ಉಸ್ತಾದ್ ಅನ್ನುತ್ತಾರೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ, ಲಗ್ನಾ ಗೊತ್ತಾಗ್ಯಾದೇನ್ರಿ?" ಎಂದರು.

"ಇಲ್ರಿ ಉಸ್ತಾದ್. ನಮ್ಮವ್ವನ್ನ ಎತ್ತಬೇಕ್ರಿ."

ಅವರು ಮತ್ತೆ ತಮಾಷೆ ಮಾಡಲಿಲ್ಲ. ಡಂಬೆಲ್ ಕೊಡುವ ಬದಲು ಹೆಗಲ ಮೇಲೆ ಬರಿಯ ಕಬ್ಬಿಣದ ಸಲಾಕೆ ಇಟ್ಟು ಕೂತು ಏಳಲು ಹೇಳಿದರು. "ಮನಿಷ್ಯಾನ್ನ ತೊಡಿ ಎತ್ತತಾವ, ಬೆನ್ನು ಎತ್ತತದ. ತೋಳು ಬರೇ ಹಿಡಕೋತದ." ಆಮೇಲೆ ಊಟದ ಮಾತು ಬಂತು. "ನಿಮ್ಮ ಮೈಗಿ ಎರಡು ಹೊತ್ತಿನ ಊಟ ಸಾಲಂಗಿಲ್ಲ. ಹಸಿವಾಗೂದ್ರಾಗ ಮತ್ತ ತಿನ್ನಬೇಕು. ಓಡೂದು ಬಂದ್ ಮಾಡ್ರಿ. ಕಸರತ್ತು ಒಂದಿನ ಬಿಟ್ಟು ಒಂದಿನ. ಬಾಕಿ ದಿನ ನಿದ್ದಿ. ತತ್ತಿ ತಿಂತೀರಿ?"

"ನಮ್ಮ ಮನ್ಯಾಗ ನಡೆಯಂಗಿಲ್ರಿ."

"ಹಂಗಾರ ಹಾಲು, ಶೇಂಗಾ, ಬ್ಯಾಳಿ. ಜರಾ ತಡಾ ಆಗ್ತದ, ಆದ್ರ ಆಗ್ತದ."

ಜೇವರ್ಗಿಯ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಂದು ಮಧ್ಯಾಹ್ನ ಶೇಂಗಾ ಉಂಡಿ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ನುಂಗಲು ಆಗುತ್ತಿರಲಿಲ್ಲ. ನನ್ನ ಕೆಲಸ ನಿನಗೆ ಗೊತ್ತಲ್ಲ, ಆಳಂದ, ಅಫಜಲಪುರ, ಜೇವರ್ಗಿ ಎಂದು ಬೈಕಿನಲ್ಲಿ ತಿರುಗಿ ಔಷಧಿ ಅಂಗಡಿಗಳಿಗೆ ಮಾಲು ಮುಟ್ಟಿಸುವುದು. ವೈನಿ ಕಟ್ಟಿಕೊಟ್ಟ ಡಬ್ಬಿಯನ್ನು ಪ್ರತಿ ಊರಿನಲ್ಲೂ ಬಿಚ್ಚುತ್ತಿದ್ದೆ. ಹಸಿದಾಗ ಊಟ ಸಿಗದಿದ್ದರೆ ಕಷ್ಟ ಎಂದು ಎಲ್ಲರೂ ಬಲ್ಲರು. ಹಸಿವಿಲ್ಲದಾಗ ತಿನ್ನುವ ದಣಿವನ್ನು ಯಾರಿಗೆ ಹೇಳುವುದು? ಮೈ ಸ್ವಲ್ಪ ತುಂಬಿತು ಅನ್ನುವಾಗಲೇ ಬೇಸಿಗೆಯಲ್ಲಿ ಜ್ವರ ಬಂದು, ಗಳಿಸಿದ್ದೆಲ್ಲ ಇಳಿದುಹೋಯಿತು. "ಸಾಕು ಮಾಡ್ರಿ ಮಲ್ಲಣ್ಣಾ" ಎಂದರು ವೈನಿ. ನಾನೂ ಸಾಕು ಅಂದುಕೊಂಡೆ. ಆದರೆ ಒಳಕೋಣೆಯಲ್ಲಿ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿರುವುದನ್ನು ನೋಡಿದಾಗ... ಮತ್ತೆ ಜಿಮ್ಮಿಗೆ ಹೋದೆ.

ದೀಪಾವಳಿ ಮುಗಿದ ಮೇಲಿನ ಚಳಿಯಲ್ಲಿ ಒಂದು ಮುಂಜಾನೆ, ಯಾರನ್ನೂ ಕರೆಯದೆ ಅವಳ ಮಂಚದ ಬಳಿ ಮೊಣಕಾಲು ಬಗ್ಗಿಸಿ ಕೂತೆ. ಅವಳ ಒಳ್ಳೆಯ ಕೈಯನ್ನು ನನ್ನ ಕುತ್ತಿಗೆಗೆ ಹಾಕಿಕೊಂಡು ತೊಡೆಯ ಮೇಲೆ ಭಾರ ಹಾಕಿ ಎದ್ದೆ. ಒಂದೇ ಸಲಕ್ಕೆ ಬಂದಳು. ಅಂಗಳದ ಬಿಸಿಲಿಗೆ ಒಯ್ದು ಕೂರಿಸಿದೆ. ಅವ್ವ ಕಣ್ಣು ಕಿರಿದು ಮಾಡಿಕೊಂಡು ಬೀದಿ ನೋಡಿದಳು, ಬಹಳ ಹೊತ್ತು. ವೈನಿ ಹಿಟ್ಟು ಹತ್ತಿದ ಕೈಯಲ್ಲೇ ಬಾಗಿಲಲ್ಲಿ ನಿಂತು ಅತ್ತರು. ಆಮೇಲೆ ವಾರ ವಾರಕ್ಕೂ ಎತ್ತುವುದು ಸಲೀಸಾಗುತ್ತ ಬಂತು. ನನಗೆ ಎಷ್ಟು ಹೆಮ್ಮೆಯೆಂದರೆ, ನೀನಿದ್ದರೆ ತೋಳು ಮುಟ್ಟಿ ನೋಡು ಅನ್ನುತ್ತಿದ್ದೆ.

ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಕರೆದೊಯ್ದು ಅವಳನ್ನು ಟೆಂಪೋದಿಂದ ಇಳಿಸಿದಾಗ ನನ್ನ ಹೆಮ್ಮೆ ಇಳಿಯಿತು. ಭೀಮಾ ಹೊಳೆಯ ಗಾಳಿಗೆ ಸೆರಗು ಮೈಗಂಟಿತ್ತು. ಅವಳ ಬೆನ್ನೆಲುಬು ಗಂಟು ಗಂಟಾಗಿ ನನ್ನ ಕೈಗೆ ಹತ್ತಿತು. ನನ್ನ ಮೈ ಬೆಳೆದದ್ದು ನಿಜ, ಆದರೆ ಅವಳದು ಅಷ್ಟೇ ಕರಗಿತ್ತು. ದಿನಾ ಎತ್ತುವವನಿಗೆ ಯಾಕೆ ತಿಳಿಯಲಿಲ್ಲ? ವೈನಿಯನ್ನು ಕೇಳಿದೆ. "ಅವ್ವ ಅರ್ಧ ರೊಟ್ಟಿಗೇ ಸಾಕು ಅಂತಾರ. ಮಗಾ ಹೋದ ದುಃಖ ಅಂತ ಬಿಟ್ಟಿದ್ದೆ" ಎಂದರು.

"ಯಾಕ ಉಣ್ಣವೊಲ್ಲಿ ಅವ್ವಾ?"

ಅವಳು ಹೊಳೆ ನೋಡುತ್ತ, ಒಂದೊಂದೇ ಶಬ್ದ ಕೂಡಿಸಿ ಹೇಳಿದಳು. "ನೀ ಸಣ್ಣ ಮೈಯಾಂವ. ತಿಂದ್ರೂ ಹತ್ತಂಗಿಲ್ಲ. ನಾನರೆ ಹಗುರಾಗ್ತೇನಿ ಅಂದ್ಕೊಂಡೆ."

ಅಣ್ಣಾ, ಆ ಹೊತ್ತಿನಲ್ಲಿ ನೀನು ಬೇಕಾಗಿತ್ತು. ನಾನು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ಪಕ್ಕದಲ್ಲಿ ಕೂತೆ. ವೈನಿ ಬುತ್ತಿ ಬಿಚ್ಚಿದರು. "ನೀ ಉಂಡ್ರ ನಾ ಉಣ್ತೇನಿ. ಇಲ್ಲಂದ್ರ ಜಿಮ್ಮೂ ಇಲ್ಲ, ಏನೂ ಇಲ್ಲ" ಎಂದೆ. ಅವ್ವ ನನ್ನನ್ನು ನೋಡಿದಳು, ನಿಧಾನವಾಗಿ ಬಾಯಿ ತೆರೆದಳು.

ಅಂದಿನಿಂದ ಮುಂಜಾನೆ, ಸಂಜೆ ಅವಳಿಗೆ ನಾನೇ ಉಣಿಸುತ್ತೇನೆ. ಬೇಳೆಯಲ್ಲಿ ರೊಟ್ಟಿ ನೆನೆಸಿ, ತುತ್ತು ತುತ್ತಿಗೂ ಕಾಯುತ್ತ. ಕೆಲಸಕ್ಕೆ ತಡವಾಗುತ್ತದೆ, ಬೈಸಿಕೊಳ್ಳುತ್ತೇನೆ, ಸಂಜೆ ಜಿಮ್ಮಿನಿಂದ ಬಂದಾಗ ಕೂರಲೂ ತ್ರಾಣವಿರುವುದಿಲ್ಲ. ಆದರೂ ಉಣಿಸುತ್ತೇನೆ, ಮುಂದೆಯೂ.

ನಿನ್ನೆ ಅವಳನ್ನು ಎತ್ತುವಾಗ ನನ್ನ ತೊಡೆಗಳು ನಡುಗಿದವು. ಇಳಿಸಿದ ಮೇಲೆ ಗೋಡೆಗೊರಗಿ ಉಸಿರು ಬಿಡುತ್ತ ಕೂತೆ. ಸೊಂಟ ಇನ್ನೂ ನೋಯುತ್ತಿದೆ. ಅವ್ವ ಮೊದಲಿನಂತೆ ಭಾರವಾಗುತ್ತಿದ್ದಾಳೆ, ಅಣ್ಣಾ.

ನಿನ್ನ ತಮ್ಮ,
ಮಲ್ಲು